ಕಲೆಯಿಲ್ಲದ ಏಪ್ರನ್

ಥರ್ಜಾ ಪಿಂಗಾಣಿ ಕಾರ್ಖಾನೆಯ ಕೆಲಸದಿಂದ ಬಂದು ಏಪ್ರನ್ ಬಿಚ್ಚಿಟ್ಟ ಕೂಡಲೇ ತಾಯಿ ಕೆಜಾಯಾ ಅದರ ಅಂಚನ್ನು ನಾಲಿಗೆಗೆ ತಾಗಿಸಿ ನೋಡುತ್ತಿದ್ದಳು. ಜೇಡಿಮಣ್ಣಿಗೆ ರುಚಿಯಿಲ್ಲ. ಪಿಂಗಾಣಿಗೆ ಹಚ್ಚುವ ಮೆರುಗಿನಲ್ಲಿ ಸೀಸವಿರುತ್ತದೆ, ಅದು ಸಿಹಿ. ಗಂಡ ಈನಕ್‌ನ ಅಂಗಿ ಒಗೆಯುತ್ತಿದ್ದವಳಿಗೆ ಆ ಸಿಹಿ ಗೊತ್ತಿತ್ತು. ಮೆರುಗಿನ ತೊಟ್ಟಿಯಲ್ಲಿ ತಟ್ಟೆ ಅದ್ದುವುದು ಅವನ ಕೆಲಸವಾಗಿತ್ತು. ಕೊನೆಯ ಚಳಿಗಾಲದಲ್ಲಿ ಸೀಸದ ವಿಷ ಏರಿ ಅವನ ಕೈಗಳು ಮಣಿಕಟ್ಟಿನಿಂದ ಜೋತುಬಿದ್ದವು. ಚಮಚವನ್ನೂ ಅವಳೇ ಹಿಡಿಯಬೇಕಾಯಿತು. ವಸಂತದಲ್ಲಿ ಅವನನ್ನು ಹೂತರು.

ಥರ್ಜಾಗೆ ಒಂಬತ್ತು ವರ್ಷ. ಅಚ್ಚಿನ ಕೋಣೆಯಲ್ಲಿ, ತಟ್ಟೆಗೆ ಅಂಟಿಸುವ ಚಿತ್ತಾರದ ಕಾಗದ ಕತ್ತರಿಸುತ್ತಿದ್ದಳು. ಏಪ್ರನ್ ಯಾವ ದಿನವೂ ಸಿಹಿಯಾಗಿರಲಿಲ್ಲ. ಆದರೆ ಮೊದಲೆಲ್ಲ ಅದರ ಮೇಲೆ ಕಾಗದದ ನೀಲಿ ಬಣ್ಣ ಹತ್ತಿರುತ್ತಿತ್ತು. ಕೆಲವು ವಾರಗಳಿಂದ ಅದೂ ಇಲ್ಲ. ಕುಂಬಾರ ಆವಿಗೆಗಳ ಊರಾದ ಲಾಂಗ್ಟನ್‌ನ ಹೊಗೆಯಲ್ಲಿ ಅಷ್ಟು ಬಿಳಿಯ ಬಟ್ಟೆಯನ್ನು ಕೆಜಾಯಾ ನಂಬಲಿಲ್ಲ.

ಕೇಳಿದರೆ, ಈಗ ಚೊಕ್ಕವಾಗಿ ಕೆಲಸ ಮಾಡುತ್ತೇನೆ ಎಂದಳು ಥರ್ಜಾ. ಅದಕ್ಕೇ ಅಚ್ಚಿನ ಕೋಣೆಯ ಯಜಮಾನಿ ಷಾರ್ಲೆಟ್ ಮೆಚ್ಚಿ ಕೂಲಿ ಏರಿಸಿದ್ದಾಳಂತೆ. ಷಾರ್ಲೆಟ್ ಯಾರನ್ನೂ ಮೆಚ್ಚುವವಳಲ್ಲ. ಹುಡುಗಿಯ ಉಗುರುಗಳು ಉಜ್ಜಿ ಉಜ್ಜಿ ಕೆಂಪಾಗಿದ್ದವು. ಹಂದಿಕೊಬ್ಬು ಸವರಿದ ಓಟ್ಸ್ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನ ಕೆಜಾಯಾ ಕಾರ್ಖಾನೆಗೆ ಹೋದಳು. ಅಚ್ಚಿನ ಕೋಣೆಯಲ್ಲಿ ಷಾರ್ಲೆಟ್, ಹುಡುಗಿ ನೀರು ತರಲು ಹೋಗಿದ್ದಾಳೆ ಎಂದಳು, ತಲೆಯೆತ್ತದೆ. ಮಗಳ ಜಾಗದಲ್ಲಿ ಬೇರೊಬ್ಬ ಹುಡುಗಿ ಕತ್ತರಿ ಹಿಡಿದು ಕೂತಿದ್ದಳು. ಬಕೆಟ್ಟು ಬಾಗಿಲ ಪಕ್ಕದಲ್ಲೇ ಇತ್ತು.

"ನೀರನ್ನ ಬೊಗಸೇಲಿ ತರ್ತಾಳೇನೇ?"

"ನನ್ನನ್ನೇನು ಕೇಳ್ತೀಯೇ? ಹೆತ್ತೋಳು ನೀನು. ಅವಳನ್ನೇ ಕೇಳು ಹೋಗು."

ಅಂಗಳದಾಚೆ ಮೆರುಗು ಹಚ್ಚುವ ಮನೆ. ಕೆಜಾಯಾ ನೇರ ಅಲ್ಲಿಗೆ ನಡೆದಳು. ಬಾಗಿಲ ಹೊರಗಿನ ಮೊಳೆಗೆ ಥರ್ಜಾಳ ಏಪ್ರನ್ ನೇತುಹಾಕಿತ್ತು. ಒಳಗೆ ಅವಳು ಗೋಣಿ ಸುತ್ತಿಕೊಂಡು, ಮೊಣಕೈವರೆಗೂ ಮೆರುಗು ಹತ್ತಿ ಬೆಳ್ಳಗಾಗಿ, ಅದ್ದಿದ ತಟ್ಟೆಗಳನ್ನು ಹಲಗೆಯ ಮೇಲೆ ಜೋಡಿಸುತ್ತಿದ್ದಳು.

ತೊಟ್ಟಿಯ ಮುಂದೆ ಜೇಬೆಜ್ ನಿಂತಿದ್ದ, ಈನಕ್‌ನ ಜಾಗಕ್ಕೆ ಬಂದವನು. ಹೋದ ತಿಂಗಳು ಅವನು ಮನೆಗೆ ಬಂದು, ಥರ್ಜಾಳ ಎದುರಿಗೇ, ತನಗೆ ಕೈಯಾಳಾಗಿ ಬರುತ್ತೀಯಾ ಎಂದು ಕೆಜಾಯಾಳನ್ನು ಕೇಳಿದ್ದ. ಯೋಚಿಸಿ ಹೇಳುತ್ತೇನೆ ಎಂದಿದ್ದಳು. ಮಾರನೆಯ ದಿನ ಒಪ್ಪಿಕೊಳ್ಳಲು ಬಂದರೆ, ಆಳು ಸಿಕ್ಕಿತು ಎಂದು ಬಾಗಿಲಿಂದಲೇ ವಾಪಸು ಕಳಿಸಿದ್ದ.

"ಕೂಸನ್ನ ಯಾಮಾರಿಸಿ ಕರ್ಕೊಂಡ್ಬಂದ್ಯಲ್ಲೋ."

"ನಾನ್ಯಾಕೆ ಯಾಮಾರಿಸ್ಲಿ? ನಿನ್ನನ್ನ ಕೇಳಿದ ಮಾರನೇ ದಿನ ಬೆಳಗಾಗೋಕೆ ಮುಂಚೆ ಅವಳೇ ಬಂದು ನಿಂತಿದ್ಲು. ಅವ್ವ ಕಳಿಸಿದ್ಲು ಅಂದ್ಲು. ನನಗೆ ಎರಡು ಕೈ ಬೇಕು. ಯಾರದಾದ್ರೇನು?"

ಕೆಜಾಯಾ ನಂಬದೆ ಮಗಳ ಕಡೆ ತಿರುಗಿದಳು.

"ನಾನು ಬರದಿದ್ರೆ ನೀನು ಬರ್ತಿದ್ದೆ, ಅವ್ವ," ಎಂದಳು ಥರ್ಜಾ. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಡಲಿಲ್ಲ. "ನಿನಗೂ ಅಪ್ಪನ ಥರ ಕೈ ಬಿದ್ದೋಗ್ತಿತ್ತು."

ಕೆಜಾಯಾ ಆ ತಟ್ಟೆಯನ್ನು ತೆಗೆದು ಹಲಗೆಯ ಮೇಲಿಟ್ಟಳು. ಮಗಳನ್ನು ಅಂಗಳದ ಪಂಪಿಗೆ ಎಳೆದೊಯ್ದು ತೋಳು ತೊಳೆದಳು. ಗೋಣಿ ಬಿಚ್ಚಿ ತಾನು ಕಟ್ಟಿಕೊಂಡಳು. ಷಾರ್ಲೆಟ್ ಹತ್ತಿರ ಹೋಗಿ ಕತ್ತರಿ ಕೇಳು ಎಂದು ಮಗಳನ್ನು ಕಳಿಸಿದಳು. ಅವಳು ಒಳಗೆ ಮರಳಿದಾಗ ಜೇಬೆಜ್ ಒಮ್ಮೆ ನೋಡಿ, ಮುಂದಿನ ತಟ್ಟೆ ಅದ್ದಿ ಅವಳ ಕೈಗೆ ಕೊಟ್ಟ.

ಹಲಗೆಯ ಬಳಿಯಿಂದ ಅಂಗಳ ಕಾಣುತ್ತಿತ್ತು. ಒಂದೊಂದು ತಟ್ಟೆ ಇಟ್ಟಾಗಲೂ ಕೆಜಾಯಾ ತಲೆಯೆತ್ತಿದಳು. ಥರ್ಜಾ ಅಚ್ಚಿನ ಕೋಣೆಯ ಬಾಗಿಲವರೆಗೆ ಹೋಗಿದ್ದಳು. ಒಳಗೆ ಹೋಗದೆ, ಇತ್ತಲೇ ನೋಡುತ್ತ ನಿಂತಿದ್ದಳು.