ಕಾಜಾ ಇಲ್ಲದ ಕೋಟು

ಆ ಕೋಟಿನ ಬಟ್ಟೆಗೆ ಆ ಕಾಲದಲ್ಲೇ ಎರಡು ತಿಂಗಳ ಅಂಗಡಿ ಬಾಡಿಗೆಯಷ್ಟು ಬಿದ್ದಿತ್ತು. ಒಳಗಿನ ಅಸ್ತರಿಗೆ ಬೇರೆ. ದರ್ಜಿ ಅದನ್ನು ತನಗೆಂದೇ ಹೊಲಿದು, ಒಮ್ಮೆಯೂ ತೊಡದೆ ಪೆಟ್ಟಿಗೆಯಲ್ಲಿಟ್ಟಿದ್ದ. ಈಗ ಅವನ ಹೆಣಕ್ಕೆ ಅದನ್ನು ತೊಡಿಸಿದ ಮಗ ಗುಂಡಿ ಹಾಕಲು ಹೋಗಿ ತಡವರಿಸಿದ. ಗುಂಡಿಗಳು ಕಾಗದದಲ್ಲಿ ಸುತ್ತಿ ಜೇಬಿನಲ್ಲಿದ್ದವು. ಅವು ತೂರುವ ಕಾಜಾ ಒಂದೂ ಇರಲಿಲ್ಲ.

"ಅತ್ತೆ, ಇದೇನಿದು? ಮುಂದೆ ಪೂರ್ತಿ ತೆರೆದೇ ಇದೆ!"

ದರ್ಜಿಯ ತಂಗಿ ಗೋಡೆಗೊರಗಿ ಕೂತಿದ್ದಳು. ಮೂವತ್ತು ವರ್ಷ ಆ ಅಂಗಡಿಯ ಪ್ರತಿಯೊಂದು ಬಟ್ಟೆಗೂ ಕಾಜಾ ಕತ್ತರಿಸಿ, ಅಂಚು ಹೊಲಿದು, ಗುಂಡಿ ಹಚ್ಚಿದವಳು ಅವಳೇ.

"ಗಿರಾಕಿಗಳದ್ದು ಮುಗೀಲಿ, ಆಮೇಲೆ ನಂದು ಅಂತಿದ್ದ. ಅವರದ್ದು ಮುಗೀಲೇ ಇಲ್ಲ."

"ಮೂರೇ ತಾನೆ? ಈಗ ಹಾಕ್ಬಿಡಿ ಅತ್ತೆ. ಗಾಡಿ ಬರೋಕೆ ಇನ್ನೂ ಒಂದು ಗಂಟೆ ಇದೆ."

"ಆಗಲ್ಲಪ್ಪ. ನಂಗೆ ಕಣ್ಣು ಮಂದ."

ಪಕ್ಕದಂಗಡಿಯ ಇಸ್ತ್ರಿಯವನು ಅಳುವುದನ್ನು ಬಿಟ್ಟು ತಲೆಯೆತ್ತಿದ. "ನಿಮ್ಗಾ? ಮೊನ್ನೆ ನಾನು ಕಾಲರ್ ಸುಟ್ಟಿದ್ದನ್ನ ರಸ್ತೆ ಆಚೆಯಿಂದ್ಲೇ ಕಂಡುಹಿಡಿದು ಮಾನ ಕಳೆದ್ರಲ್ಲಕ್ಕ!"

ಯಾರೋ ಕಿಸಕ್ಕೆಂದು ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು.

"ಕೈ ನಡುಗ್ತಿರಬೇಕು, ಪಾಪ. ಬಲವಂತ ಮಾಡ್ಬೇಡಿ," ಎಂದಳು ಅತ್ತಿಗೆ. ಮಗ ಎರಡು ಗುಂಡುಸೂಜಿ ಚುಚ್ಚಿ ಕೋಟಿನ ಅಂಚು ಕೂಡಿಸಿದ.

* * *

ಇಪ್ಪತ್ತಾರು ವರ್ಷದ ಹಿಂದೆ ಗಡಿಯಾರ ರಿಪೇರಿಯವನೊಬ್ಬ ತನ್ನ ತಾಯಿಯ ಜೊತೆ ಅವಳನ್ನು ಮದುವೆಗೆ ಕೇಳಲು ಅಂಗಡಿಗೆ ಬಂದಿದ್ದ. ಅವಳು ಪರದೆಯ ಹಿಂದೆ, ಕಪ್ಪು ಕೋಟಿಗೆ ಕಪ್ಪು ದಾರದಲ್ಲಿ ಕಾಜಾ ಹೊಲಿಯುತ್ತಿದ್ದಳು. ಅಣ್ಣನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಹುಡುಗಿ ಅಪ್ಪಟ ಚಿನ್ನ. ಆದ್ರೆ ಮುಚ್ಚಿಡಬಾರದು ನೋಡಿ, ಕಣ್ಣು ಮಂದ. ಮುಂದೆ ಪೂರ್ತಿ ಹೋದ್ರೂ ಹೋಗಬಹುದು ಅಂದಿದ್ದಾರೆ ಡಾಕ್ಟ್ರು."

ತಾಯಿಯ ಚಪ್ಪಲಿ ತಕ್ಷಣ ಮೆಟ್ಟಿಲಿಳಿಯಿತು. ಮಗನದು ಸ್ವಲ್ಪ ತಡವಾಗಿ.

ಪರದೆ ಸರಿಸಿ ಹೊರಬಂದಿದ್ದರೆ ಆಗುತ್ತಿತ್ತು. ಆದರೆ ಅಪ್ಪ ಸತ್ತ ಮೇಲೆ ಅನ್ನ ಹಾಕಿದವನು ಅವನು. ಸೂಜಿಗೆ ಮತ್ತೆ ಕಪ್ಪು ದಾರ ಪೋಣಿಸಿದಳು. ಅಣ್ಣ ಒಳಗೆ ಇಣುಕಿದ.

"ಅವರು ಒಪ್ಪಲಿಲ್ಲಮ್ಮ, ಬಿಡು. ಆ ಕೋಟು ಸಂಜೆಯೊಳಗೆ ಬೇಕು."

ಸಂಜೆಯೊಳಗೆ ಕೊಟ್ಟಳು.

* * *

ಸ್ಮಶಾನದಲ್ಲಿ, ತೋಡಿದ ಗುಂಡಿಯ ಬಳಿ ಇಸ್ತ್ರಿಯವನೇ ನಾಲ್ಕು ಮಾತಾಡಿದ. "ನಾನು ಸಾವಿರಾರು ಅಂಗಿ ತೀಡಿದ್ದೀನಿ. ನಮ್ಮ ದರ್ಜಿಯ ಕೈಯ ಕಾಜಾ ಬೇರೆಲ್ಲೂ ನೋಡಿಲ್ಲ. ಅಂಗಿ ಹರಿದು ಒರೆಸೋ ಬಟ್ಟೆಯಾದ್ರೂ ಕಾಜಾ ಹಾಗೇ ಇರ್ತಿತ್ತು."

"ಹೌದು, ಹೌದು," ಎಂದರು ಸುತ್ತಲಿನವರು. ಒಬ್ಬಿಬ್ಬರು ಅರಿವಿಲ್ಲದೆ ತಮ್ಮ ಎದೆಯ ಗುಂಡಿ ಮುಟ್ಟಿಕೊಂಡರು. ಅವಳ ಕಡೆ ಯಾರೂ ತಿರುಗಲಿಲ್ಲ.

ಅಣ್ಣನ ಮಗ ಅವಳ ಕಿವಿಯ ಹತ್ತಿರ ಬಗ್ಗಿದ. "ಅಂಗಡಿ ಖಾಲಿ ಮಾಡ್ಬಿಡ್ತೀನಿ ಅತ್ತೆ. ನಾಳೆಯಿಂದ ನೀವು ಆರಾಮಾಗಿರಿ."

"ಎಲ್ಲಿ?" ಎಂದಳು.

ಅವನು ಆಗಲೇ ಹೆಣ ಇಳಿಸುವ ಹಗ್ಗ ಹಿಡಿಯಲು ಹೋಗಿದ್ದ.

ಸರದಿ ಬಂದಾಗ ಅವಳೂ ಒಂದು ಹಿಡಿ ಮಣ್ಣು ಹಾಕಿದಳು. ಬೆಳಗ್ಗೆ 'ಆಗಲ್ಲ' ಎಂದಾಗ ಎದೆ ಹಗುರಾದೀತು ಎಂದುಕೊಂಡಿದ್ದಳು, ಹಗುರಾಗಲಿಲ್ಲ. ಮೂವತ್ತು ವರ್ಷದಲ್ಲಿ ಅಣ್ಣನ ಕೆಲಸವನ್ನು ಒಲ್ಲೆನೆಂದದ್ದು ಇದೊಂದೇ ಸಲ. ಅದನ್ನು ಕೇಳಿಸಿಕೊಳ್ಳಬೇಕಾದವನು ಆಗಲೇ ಸತ್ತಿದ್ದ.