ಕ್ಲಚ್ ಮೇಷ್ಟ್ರ ಕಣ್ಣು

ಅಪ್ಪ ಕಾರು ಓಡಿಸುವುದನ್ನು ಕಲಿಸುತ್ತಿದ್ದ. ಮಗಳು ಹಿಂದಿನ ಸೀಟಿನಲ್ಲಿ ಕೂತು ಅದನ್ನೇ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಕಲಿಯಲು ಬಂದವರು ರಸ್ತೆ ನೋಡುವುದೋ ಕನ್ನಡಿಯಲ್ಲಿ ಕಾಣುವ ಕ್ಯಾಮೆರಾ ನೋಡುವುದೋ ತಿಳಿಯದೆ ಗಾಡಿಯನ್ನು ನಡುರಸ್ತೆಯಲ್ಲೇ ನಿಲ್ಲಿಸಿಬಿಡುತ್ತಿದ್ದರು. ಅಪ್ಪ ಬೈಯುತ್ತಿರಲಿಲ್ಲ. "ಕ್ಲಚ್ಚು" ಎನ್ನುತ್ತಿದ್ದ, ಅಷ್ಟೇ. ಹಿಂದೆ ಲಾರಿಯವನು ಬಾಯಿಗೆ ಬಂದಂತೆ ಬೈಯುತ್ತಿದ್ದರೂ, ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದವರು ಗೊಳೋ ಎಂದು ಅಳುತ್ತಿದ್ದರೂ ಅದೇ ಮಾತು, ಅದೇ ದನಿ. ಜನ ಅವನಿಗೆ ಕ್ಲಚ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

ಇದರಲ್ಲಿ ಅಂಥದ್ದೇನಿದೆ ಎಂದು ಯಾರಾದರೂ ಕೇಳಿದರೆ ಮಗಳಿಗೆ ವಿವರಿಸಲು ಬರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮೊದಲ ಸಲ ಸ್ಟಿಯರಿಂಗ್ ಹಿಡಿದ ಟೈಲರಮ್ಮ ಇದ್ದಳು. ಪ್ರತಿ ಪರೀಕ್ಷೆಯಲ್ಲೂ ಅದೇ ಕಂಬಕ್ಕೆ ಗುದ್ದಿ, ಪ್ರತಿ ಸಲವೂ ಕಂಬದ ಮೇಲೇ ದೂರು ಹೇಳುವ ಬ್ಯಾಂಕ್ ಮ್ಯಾನೇಜರ್ ಇದ್ದ. ಅವರ ಪಕ್ಕದಲ್ಲಿ ಕೈಕಟ್ಟಿ ಕೂತ ಅಪ್ಪ ಇದ್ದ. ಅವಳಿಗೆ ಇಷ್ಟು ಸಾಕಾಗಿತ್ತು. ಸಾಲದು ಎಂದು ಗೊತ್ತಾದದ್ದು ಚಿತ್ರೋತ್ಸವದವರ ಶಿಬಿರಕ್ಕೆ ಆಯ್ಕೆಯಾದ ಮೇಲೆ.

ಹೊಸಬರ ಕೈ ಹಿಡಿಯುವುದಕ್ಕೆ ಆ ಚಿತ್ರೋತ್ಸವ ಹೆಸರುವಾಸಿ. ಮೊದಲ ಚಿತ್ರ ಮಾಡುವ ಕೆಲವರನ್ನು ಆರಿಸಿ, ಒಬ್ಬೊಬ್ಬರಿಗೆ ಒಬ್ಬ ನುರಿತ ಮಾರ್ಗದರ್ಶಕರನ್ನು ಗಂಟು ಹಾಕುತ್ತಾರೆ. ಕೊನೆಗೆ ತೀರ್ಪುಗಾರರ ಮುಂದೆ ನಿಂತು ಚಿತ್ರದ ಬಗ್ಗೆ ಹೇಳಬೇಕು. ಅವರು ಒಪ್ಪಿದರೆ ಅರ್ಧ ದುಡ್ಡು ಆಗಲೇ, ಇನ್ನರ್ಧ ಒಂದು ಹಂತದ ಎಡಿಟಿಂಗ್ ಮುಗಿಸಿ ತೋರಿಸಿದ ಮೇಲೆ. ಇವಳ ಪಾಲಿಗೆ ಬಂದ ಮಾರ್ಗದರ್ಶಕಿ ಜೈಲು, ಗಣಿ, ಮುಳುಗಿದ ಹಡಗು ಇಂಥವುಗಳ ಮೇಲೇ ಚಿತ್ರ ಮಾಡಿಕೊಂಡು ಬಂದವಳು. ಇವಳ ತುಣುಕುಗಳನ್ನೆಲ್ಲ ಮೊದಲಿಂದ ಕೊನೆತನಕ ನೋಡಿದಳು. ಎಲ್ಲಿ ಶಾಟನ್ನು ಅವಸರದಲ್ಲಿ ಕತ್ತರಿಸಿದೆ, ಎಲ್ಲಿ ಮೈಕು ಮಾತು ಬಿಟ್ಟು ಎಂಜಿನ್ ಕೇಳಿಸಿಕೊಂಡಿದೆ ಎಂದು ಬಿಡಿಸಿ ಬಿಡಿಸಿ ತೋರಿಸಿದಳು. ಕಾಲೇಜಿನಲ್ಲಿ ಕಲಿಯದ್ದನ್ನು ಮಗಳು ಆ ಒಂದು ಮಧ್ಯಾಹ್ನದಲ್ಲಿ ಕಲಿತಳು, ಸುಳ್ಳು ಯಾಕೆ ಹೇಳಬೇಕು. ಎಲ್ಲ ಆದ ಮೇಲೆ ಮಾರ್ಗದರ್ಶಕಿ ಕೇಳಿದಳು:

"ಈ ಸಿನಿಮಾ ಆಗ್ಲಿಲ್ಲ ಅಂದ್ರೆ ನಿಮ್ಮಪ್ಪಂಗೆ ಏನಾಗುತ್ತೆ?"

"ಏನೂ ಆಗಲ್ಲ."

"ಹಾಗಂತ ಅಲ್ಲಿ ಹೇಳ್ಬೇಡ."

ತೀರ್ಪಿನ ದಿನ ಇವಳಿಗಿಂತ ಮುಂಚೆ ಮಾತಾಡಿದವನ ಊರು ನೀರಿನಡಿ ಹೋಗಿತ್ತು. ಅವನಿಗಿಂತ ಮುಂಚಿನವಳ ತಮ್ಮ ಜೈಲಿನಲ್ಲಿದ್ದ. ಇವಳ ಅಪ್ಪ ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಕೂತು ಕಾಫಿ ಕುಡಿಯುತ್ತಿದ್ದ. ಇಂಥ ಅಪ್ಪನನ್ನು ಇಟ್ಟುಕೊಂಡು ಯಾವ ಬಾಯಲ್ಲಿ ದುಡ್ಡು ಕೇಳುವುದು? ಹೇಗೋ ಹೇಳಿ ಮುಗಿಸಿದಳು. ತೀರ್ಪುಗಾರರ ಅಧ್ಯಕ್ಷೆ ಕನ್ನಡಕ ತೆಗೆದು ಒರೆಸುತ್ತ, ಎಲ್ಲ ಸರಿ, ಆದರೆ ಈ ಚಿತ್ರ ಈಗಲೇ ಯಾಕೆ ಆಗಬೇಕು ಎಂದಳು. ಆ ಕನ್ನಡಕವನ್ನೇ ನೋಡುತ್ತಿದ್ದ ಇವಳ ನಾಲಿಗೆ ಹೊರಳಿಬಿಟ್ಟಿತು. ಅಪ್ಪನ ದೃಷ್ಟಿ ಹೋಗುತ್ತಿದೆ, ಅದಕ್ಕೆ ಎಂದಳು. ಇಡೀ ಕೋಣೆ ನಿಟ್ಟುಸಿರು ಬಿಟ್ಟಿತು.

ದುಡ್ಡು ಬಂತು. ಹೊಸ ಮೈಕು ಬಂತು, ಎಡಿಟಿಂಗಿಗೆ ಒಂದು ಕೋಣೆಯೂ ಸಿಕ್ಕಿತು. ಚಿತ್ರೋತ್ಸವದವರು ತಮ್ಮ ಜಾಲತಾಣದ ಪುಟದಲ್ಲಿ ಅಪ್ಪನ ಫೋಟೋ ಹಾಕಿ, ಅದರ ಕೆಳಗೆ 'ಕುರುಡಾಗುತ್ತಿರುವ ಡ್ರೈವಿಂಗ್ ಮೇಷ್ಟ್ರ ಕೊನೆಯ ಪಾಠಗಳು' ಎಂದು ಬರೆದರು. ಅದನ್ನು ಮಗಳು ಎರಡೆರಡು ಸಲ ಓದಿದಳು. ಆದರೂ, ಸಾಕ್ಷ್ಯಚಿತ್ರದ ಸುದ್ದಿಯನ್ನು ನಮ್ಮ ಬೀದಿಯಲ್ಲಿ ಯಾವ ಪುಣ್ಯಾತ್ಮ ಓದುತ್ತಾನೆ ಎಂದು ಸಮಾಧಾನ ಮಾಡಿಕೊಂಡಳು. ಎಲ್ಲರೂ ಓದಿದರು.

ಡ್ರೈವಿಂಗ್ ಶಾಲೆಯ ಫೋನು ನೋಡಿಕೊಳ್ಳುತ್ತಿದ್ದವಳು ಅತ್ತೆ, ಅಪ್ಪನ ತಂಗಿ. ಸೋಮವಾರದ ಇಬ್ಬರು ಬರಲಿಲ್ಲ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮನೆ ತುಂಬ ನೆಂಟರು. ಬ್ಯಾಂಕ್ ಮ್ಯಾನೇಜರ್ ತಾನು ಇನ್ನು ಮೇಲೆ ಸೈಕಲ್ಲೇ ಹೊಡೆಯುವುದಾಗಿ ತಿಳಿಸಿದ. ಆ ಕಂಬವನ್ನಾದರೂ ಒಂದು ಮಾತು ಕೇಳಿದಿರಾ ಎಂದು ಅತ್ತೆ ಫೋನು ಕುಕ್ಕಿದಳು. ವಾರ ಮುಗಿಯುವುದರೊಳಗೆ ಕಾರು ಮನೆ ಮುಂದೆ ನಿಂತೇ ಇರತೊಡಗಿತು. ಅಪ್ಪ ಅದನ್ನು ದಿನಾ ಒರೆಸುತ್ತಿದ್ದ.

ನಿಜ ಸಂಗತಿ ಅವನಿಗೆ ಗೊತ್ತಾದದ್ದು ಟೈಲರಮ್ಮನಿಂದ. ಕಲಿಯಲು ಬಂದವಳು ಆಕೆ ಒಬ್ಬಳೇ. ಬಂದವಳು ಅವನ ಕೈ ಹಿಡಿದು ರಸ್ತೆ ದಾಟಿಸಿ, ಕಾರಿನ ಬಾಗಿಲು ತೆಗೆದು, ತಲೆ ತಗಲದ ಹಾಗೆ ಅಂಗೈ ಅಡ್ಡ ಹಿಡಿದು ಕೂರಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ ಕಣ್ಣೊರೆಸಿಕೊಳ್ಳುತ್ತ, ಪುಟದಲ್ಲಿ ಓದಿದ್ದನ್ನು ಹೇಳಿದಳು. ಅಪ್ಪ ನೇರ ಮನೆಗೆ ಬಂದ. ಬಾಲ್ಕನಿಯಲ್ಲಿ ನಿಂತು ಎದುರು ಸಾಲಿನಲ್ಲಿ ನಿಲ್ಲಿಸಿದ್ದ ಗಾಡಿಗಳ ನಂಬರುಗಳನ್ನು ಬೀದಿಗೆಲ್ಲ ಕೇಳುವ ಹಾಗೆ ಒಂದೊಂದಾಗಿ ಓದಿದ. ಅಣ್ಣನಿಗೆ ತಲೆ ಕೆಟ್ಟಿತು ಎಂದು ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು.

ಊಟಕ್ಕೆ ಕೂತಾಗ ಮಗಳು ಬಾಯಿಬಿಟ್ಟಳು. ಹೇಳಿದ್ದು ತಾನೇ, ಹಾಗೆ ಹೇಳದಿದ್ದರೆ ದುಡ್ಡು ಕೊಡುತ್ತಿರಲಿಲ್ಲ ಎಂದಳು. ಅತ್ತೆ ಅವಳ ಜನ್ಮ ಜಾಲಾಡಿಬಿಟ್ಟಳು. ಹೆತ್ತಪ್ಪನ ಕಣ್ಣು ಕಿತ್ತು ಮಾರಿಕೊಂಡವಳು ಎಂಬಲ್ಲಿಗೆ ಹೋಗಿ ಉಸಿರು ತೆಗೆದುಕೊಂಡಳು. ಅಪ್ಪ ಅನ್ನ ಕಲೆಸುತ್ತಿದ್ದ.

"ಪೂರ್ತಿ ಕೊಟ್ರಾ?" ಎಂದ.

"ಅರ್ಧ. ಇನ್ನರ್ಧ ಬರ್ಬೇಕು."

ಅವನು ಊಟ ಮುಗಿಸಿ ಕೈ ತೊಳೆದು ಮಲಗಿದ. ಅವನೂ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮಗಳಿಗೆ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಿಕ್ಕ ಅರ್ಧಕ್ಕೆ ಕರೆ ಬಂದಾಗ, ಮೇಷ್ಟ್ರನ್ನೂ ಕರೆದುಕೊಂಡು ಬನ್ನಿ ಎಂದಿದ್ದರು. ಮಗಳು ಮಾರ್ಗದರ್ಶಕಿಗೆ ಫೋನು ಮಾಡಿ ಎಲ್ಲ ಹೇಳಿಕೊಂಡಳು. "ನಾನು ಕಾರಣ ಕೇಳಿದ್ದು, ಕಾಯಿಲೆ ಅಲ್ಲ" ಎಂದಳು ಆಕೆ. ಒಪ್ಪಿಕೊಂಡರೆ ದುಡ್ಡು ಹೋಗುತ್ತದೆ, ಹೆಸರೂ ಕೆಡಬಹುದು. ಒಪ್ಪಿಕೊಳ್ಳದಿದ್ದರೆ ಅಪ್ಪನ ಕಸುಬು ಹೋಗುತ್ತದೆ. ಇದರಲ್ಲಿ ಮಾರ್ಗ ತೋರಿಸುವುದಕ್ಕೆ ತನಗೆ ಯಾರೂ ಸಂಬಳ ಕೊಟ್ಟಿಲ್ಲ ಎಂದಳು. ಎಲ್ಲ ಹೇಳಿಬಿಡುತ್ತೇನೆ ಎಂದು ಮಗಳು ಗಟ್ಟಿ ಮನಸ್ಸು ಮಾಡಿದಳು. ಮನೆಯಲ್ಲಿ ಯಾರಿಗೂ ತಿಳಿಸಲಿಲ್ಲ.

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅತ್ತೆಯನ್ನೂ ಮಗಳನ್ನೂ ಕೂರಿಸಿಕೊಂಡು ತಾನೇ ಕಾರು ಓಡಿಸಿದ. ಎರಡು ಗಾಡಿಗಳ ನಡುವಿನ ಇಕ್ಕಟ್ಟಿನಲ್ಲಿ ಒಂದೇ ಏಟಿಗೆ ಹಿಮ್ಮುಖವಾಗಿ ತಂದು ನಿಲ್ಲಿಸಿದ. ಸಭಾಂಗಣದ ಬಾಗಿಲಲ್ಲಿ ಅಧ್ಯಕ್ಷೆ ಎದುರಾಗಿ ಅವನ ಮೊಣಕೈ ಹಿಡಿದಳು, ಇಲ್ಲಿ ಮೆಟ್ಟಿಲಿದೆ ಎಂದಳು. ಅಪ್ಪ ಮೆಟ್ಟಿಲು ನೋಡಿದ. ಮಗಳನ್ನು ನೋಡಿದ. ಆಮೇಲೆ ಗಾಳಿಯಲ್ಲಿ ತಡಕಾಡುವವನ ಹಾಗೆ ಕಾಲನ್ನು ಬೇಕಾದ್ದಕ್ಕಿಂತ ಮೇಲೆತ್ತಿ ಇಟ್ಟ.

ಚಿತ್ರದ ತುಣುಕು ತೋರಿಸಿದರು. ಮಗಳು ಮೈಕು ತೆಗೆದುಕೊಳ್ಳುವಷ್ಟರಲ್ಲಿ ಅಧ್ಯಕ್ಷೆ ಅದನ್ನು ಅಪ್ಪನ ಕೈಗಿಟ್ಟು, ಹೇಗನ್ನಿಸುತ್ತಿದೆ ಎಂದು ಕೇಳಿದಳು. ಕಾರಿನಲ್ಲಿ ಒಂದು ಪದಕ್ಕಿಂತ ಹೆಚ್ಚು ಖರ್ಚು ಮಾಡದವನು ಮಾತಿಗೆ ಶುರುವಿಟ್ಟುಕೊಂಡ. ಮೊದಲು ದೀಪದ ಸುತ್ತ ಬಳೆ ಬಳೆ ಕಾಣುತ್ತಿತ್ತು, ಆಮೇಲೆ ಮುಖಗಳೆಲ್ಲ ಹಬೆ ಹಿಡಿದ ಗಾಜಿನ ಹಿಂದೆ ಇದ್ದ ಹಾಗಾದವು ಎಂದ. ಅದು ಅತ್ತೆಯ ಕಣ್ಣಿನ ಪೊರೆ. ಆಪರೇಷನ್ನಿಗೆ ಮುಂಚೆ ಅವಳು ವರ್ಷವಿಡೀ ಮನೆಯಲ್ಲಿ ಒಪ್ಪಿಸುತ್ತಿದ್ದ ಗೋಳು, ಅಕ್ಷರ ಅಕ್ಷರ ಅದೇ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಜನ ಮೂಗು ಸೀಟಿಕೊಳ್ಳುತ್ತಿದ್ದರು.

"ಇನ್ಮೇಲೆ ಕಾರು ಕಲ್ಸಲ್ಲ" ಎಂದ ಅಪ್ಪ. "ಬಿಟ್ಬಿಡ್ತೀನಿ. ಮಗಳ ಸಿನಿಮಾ ಒಂದು ಆಗ್ಲಿ."

ಅವನಿಗೆ ಆ ಕಾರು ಬಿಟ್ಟು ಬೇರೆ ಪ್ರಪಂಚ ಗೊತ್ತಿಲ್ಲ. ಮಗಳು ಎದ್ದು ಹೋಗಿ ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ನಮ್ಮಪ್ಪನ ಕಣ್ಣು ಚೆನ್ನಾಗಿದೆ. ಸುಳ್ಳು ಹೇಳಿದ್ದು ನಾನು. ಈಗ ನನಗೋಸ್ಕರ ಹೇಳ್ತಿದಾನೆ."

ಅಪ್ಪ ಮೈಕಿಲ್ಲದೆಯೇ, ಅವಳ ಮಾತು ಕೇಳಬೇಡಿ, ಹುಡುಗಿಗೆ ದುಃಖ ತಡೆಯಲಾಗುತ್ತಿಲ್ಲ ಎಂದ. ಮಗಳು ಗೋಡೆಯ ಮೇಲಿದ್ದ ತೀರಾ ಸಣ್ಣ ಅಕ್ಷರದ ಫಲಕ ತೋರಿಸಿ ಓದು ಎಂದಳು. ಅವನು ಫಲಕ ಇಲ್ಲದ ಕಡೆಗೆ ಮುಖ ತಿರುಗಿಸಿ, ಯಾವ ಫಲಕ ಎಂದ. ಸಭೆ ಯಾರನ್ನು ನಂಬುವುದೆಂದು ತಿಳಿಯದೆ ಕೂತಿತ್ತು. ಕೊನೆಗೆ ಅತ್ತೆ ಎದ್ದು ನಿಂತು, ಆ ಪೊರೆ ತನ್ನದು, ಬೇಕಾದರೆ ಆಸ್ಪತ್ರೆಯವರನ್ನು ಕೇಳಿ ಎಂದಳು.

ದುಡ್ಡು ಹೋಯಿತು. ಕೊಟ್ಟದ್ದನ್ನೂ ವಾಪಸು ಮಾಡಬೇಕೆಂದು, ಪುಟದಲ್ಲಿ ತಿದ್ದುಪಡಿ ಹಾಕುವೆವೆಂದು ಅಧ್ಯಕ್ಷೆ ತಣ್ಣಗೆ ತಿಳಿಸಿದಳು. ಮಾರ್ಗದರ್ಶಕಿ ಬಾಗಿಲ ತನಕ ಬಂದು, ಚಿತ್ರೋತ್ಸವದ ಲೆಕ್ಕದಲ್ಲಿ ತನ್ನ ಕೆಲಸ ಮುಗಿಯಿತು, ಆದರೆ ಚಿತ್ರ ಮುಗಿದಿಲ್ಲ, ಮಂಗಳವಾರ ತುಣುಕುಗಳನ್ನು ತೆಗೆದುಕೊಂಡು ಮನೆಗೆ ಬಾ ಎಂದು ಹೇಳಿ ಹೋದಳು.

ವಾಪಸು ಬರುವಾಗಲೂ ಅಪ್ಪನೇ ಕಾರು ಓಡಿಸಿದ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅಪ್ಪ ಮುಂದೆಯೇ ನೋಡುತ್ತ ಕೇಳಿದ:

"ಪೂರ್ತಿ ಹೋಯ್ತಾ?"

"ಪೂರ್ತಿ."

ದೀಪ ಹಸಿರಾಯಿತು. ಅವನು ಗಾಡಿ ಎತ್ತಲಿಲ್ಲ. ಹಿಂದಿನವರೆಲ್ಲ ಒಟ್ಟಿಗೆ ಹಾರ್ನು ಒತ್ತತೊಡಗಿದರು.

"ಅಷ್ಟು ಚೆನ್ನಾಗಿ ಹೇಳಿದ್ನಲ್ಲೇ" ಎಂದ ಅಪ್ಪ.