ಉಸಿರಿಲ್ಲದ ಬಡಿತ

ಮೊಲದ ಹೃದಯದಿಂದ ನೂಲಿನಷ್ಟು ತೆಳುವಾದ ಸ್ನಾಯುವನ್ನು ತೆಗೆದು, ಬೆಚ್ಚಗಿನ ಉಪ್ಪುನೀರಿನಲ್ಲಿ ಕಟ್ಟಿ, ಸಣ್ಣದಾಗಿ ವಿದ್ಯುತ್ ಕೊಟ್ಟು, ಅದು ಎಷ್ಟು ಬಲದಿಂದ ಕುಗ್ಗುತ್ತದೆಂದು ಅಳೆಯುವುದು ವಿದ್ಯಾಶ್ರೀಯ ಕೆಲಸ. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಆಗಷ್ಟೇ ಹುಟ್ಟಿದ ಮರಿಯ ಸ್ನಾಯು ಮೆಲ್ಲಗೆ, ಬಲವಿಲ್ಲದೆ ಕುಗ್ಗುತ್ತಿತ್ತು. ವಯಸ್ಸು ಏರಿದಂತೆ ಬಿಗಿ, ವೇಗ ಎರಡೂ ಹೆಚ್ಚುತ್ತಿದ್ದವು. ಅದು ಅವಳಿಗೆ ಗೊತ್ತಿದ್ದದ್ದೇ. ಆದರೆ ಆ ದಿನ ನೀರಿಗೆ ಬಿಡುವ ಆಮ್ಲಜನಕವನ್ನು ನಿಲ್ಲಿಸಿದಾಗ ದೊಡ್ಡ ಮೊಲದ ಸ್ನಾಯು ಬೇಗನೆ ಸೋತುಹೋಯಿತು. ಮರಿಯದು ಸೋಲಲಿಲ್ಲ. ಕುಗ್ಗುತ್ತಲೇ ಇತ್ತು.

"ಎಳೇ ಹೃದಯ ಹಂಗ," ಎಂದರು ಮಾರ್ಗದರ್ಶಕಿ. "ಉಸಿರಿಲ್ದನೂ ಭಾಳ ಹೊತ್ತು ತಡಕೋತೈತಿ."

ವಿದ್ಯಾಶ್ರೀಗೆ ಅಕ್ಕನ ಕೂಸು ನೆನಪಾಯಿತು. ಹೋದ ವರ್ಷ ಅವಳ ಅಕ್ಕ ಹೇಮಾ ಹತ್ತಿಮತ್ತೂರಿನ ಗಂಡನ ಮನೆಯಿಂದ ಹೆರಿಗೆಗೆಂದು ಸವಣೂರಿಗೆ ಹೋಗುವಾಗ ಗಾಡಿಯಲ್ಲೇ ಹೆತ್ತಿದ್ದಳು. ಕೂಸು ನೀಲಿಗಟ್ಟಿತ್ತು, ಅಳಲಿಲ್ಲ. ಉಸಿರಿಲ್ಲವೆಂದು ಅತ್ತೆ ಮಹಾದೇವಕ್ಕ ಅದರ ಮೇಲೆ ಸೆರಗು ಮುಚ್ಚಿದ್ದರು. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಟ್ಟಿ ನೋಡಿದಾಗ ಎದೆ ಬಡಿಯುತ್ತಿತ್ತೆಂದು ಹೇಮಾ ಎಷ್ಟು ಹೇಳಿದರೂ ಯಾರೂ ನಂಬಿರಲಿಲ್ಲ.

ಆ ವಾರವೇ ವಿದ್ಯಾಶ್ರೀ ಹತ್ತಿಮತ್ತೂರಿಗೆ ಹೋದಳು. ಹೇಮಾ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು.

"ಅಕ್ಕಾ, ಅವತ್ತ ನೀ ಕೂಸಿನ ಎದಿ ಮುಟ್ಟಿದ್ದಿಯಲ್ಲಾ..."

"ಈಗ ಯಾಕದು? ನನ್ನ ಕೈನ ನಡುಗಾಕತ್ತಿತ್ತಂತ. ಅತ್ತಿ ಹೇಳ್ಯಾರ, ಅವ್ವನೂ ಹೇಳ್ಯಾಳ."

"ಕೈ ಅಲ್ಲಕ್ಕಾ. ಎದಿನ ಬಡದಿರಬೇಕು. ಉಸಿರಿಲ್ದಿದ್ರೂ ಎಳೇ ಹೃದಯ ಬಡೀತೈತಿ. ನಾ ಕಣ್ಣಾರೆ ನೋಡೇನಿ."

ಹೇಮಾಳ ಕೈ ನಿಂತಿತು. "ಹಂಗಾರ ನನಗ ತಲಿ ಕೆಟ್ಟಿರಲಿಲ್ಲ," ಎಂದು ಜೋರಾಗಿ ಅತ್ತಳು. ಹೇಳಿದ್ದು ಒಳ್ಳೆಯದಾಯಿತೆಂದು ವಿದ್ಯಾಶ್ರೀ ಅಂದುಕೊಳ್ಳುವಷ್ಟರಲ್ಲಿ ಅಕ್ಕ ಮುಖವೆತ್ತಿದಳು.

"ಸೆರಗ ಮುಚ್ಚಿದ ಮ್ಯಾಲೂ ಬಡೀತಿತ್ತೇನು, ವಿದ್ಯಾ?"

ವಿದ್ಯಾಶ್ರೀ ಒಂದು ಮೆಣಸಿನಕಾಯಿ ಎತ್ತಿಕೊಂಡು ತೊಟ್ಟು ಮುರಿದಳು.

"ಬಾಯಾಗ ಉಸಿರು ಊದಿದ್ರ ಉಳೀತಿತ್ತೇನು?"

"ಗೊತ್ತಿಲ್ಲಕ್ಕಾ."

ಅದು ಸುಳ್ಳಾಗಿರಲಿಲ್ಲ. ಆದರೆ ಹೇಮಾ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಷ್ಟರಲ್ಲಿ ಮಹಾದೇವಕ್ಕ ಚಹಾ ತಂದು, "ತಗೋರವ್ವಾ, ಆರತೈತಿ," ಎಂದರು. ಹೇಮಾ ಅತ್ತೆಯ ಕೈಗಳನ್ನೇ ನೋಡುತ್ತ ಕುಳಿತಳು. ಕಪ್ಪು ತೆಗೆದುಕೊಳ್ಳಲಿಲ್ಲ.

ವಿದ್ಯಾಶ್ರೀ ಧಾರವಾಡಕ್ಕೆ ಮರಳಿ, ಆಮ್ಲಜನಕ ನಿಲ್ಲಿಸುವ ಆ ಪ್ರಯೋಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಆಗಾಗ ಮಹಾದೇವಕ್ಕ ಫೋನ್ ಮಾಡುತ್ತಾರೆ.

"ನನ್ನ ಕೈಯಾಗಿಂದು ಏನೂ ಮುಟ್ಟವಲ್ಲಳು. ಆಕಿಗೆ ಏನ್ ಹೇಳಿ ಹೋದಿಯವ್ವಾ? ನನಗೂ ಹೇಳು."

ವಿದ್ಯಾಶ್ರೀ ಇನ್ನೂ ಹೇಳಿಲ್ಲ.